ವರ್ಣನಾಮವೂ ರಚನಾನಾಮವೂ

ಒಂದು ವಸ್ತುವಿನ ಹೆಸರನ್ನು ಕೇಳಿದೊಡನೆಯೆ ಅದರ ಒಳರಚನೆಯನ್ನು ಬರೆದು ತೋರಿಸಬಹುದೆ? ರಸಾಯನಶಾಸ್ತ್ರದಲ್ಲಿ ಇದು ಸಾಧ್ಯವಾದ ಬಗೆಯನ್ನು ಈ ಹೊತ್ತು ಪರಿಶೀಲಿಸೋಣ.

ಕೋಬಾಲ್ಟ್ ಲೋಹದ ಕ್ಲೋರೈಡೂ ಅಮೋನಿಯವೂ ಕೂಡಿ ಬಗೆಬಗೆಯ ಬಣ್ಣದ ಲವಣಗಳಾಗುವುವು. 1852ರಲ್ಲಿ ಫ್ರಾನ್ಸಿನ ಫ್ರೆಮಿ ಎಂಬ ವಿದ್ವಾಂಸನು ಇಂತಹವಕ್ಕೆ ಬಣ್ಣವನ್ನೇ ಹಿಡಿದು ಹೆಸರಿಡುವ ರೂಢಿಯನ್ನು ತಂದನು. ಹಳದಿಯದು ಲೂಟಿಯೊ, ಕೆನ್ನೀಲಿಯದು ಪರ್ಪ್ಯೂರಿಯೊ, ಹಸುರಿನದು ಪ್ರೇಸಿಯೊ ಎನಿಸಿದುವು. ಕಣ್ಣಿಗೆ ಇದು ಸಾಕು. ಆದರೆ ಯಾವ ಪರಮಾಣು ಯಾವುದಕ್ಕೆ ಅಂಟಿದೆಯೆಂಬುದನ್ನು ಬಣ್ಣವು ಹೇಳಲಾರದು.

ಈ ಲವಣಗಳ ದ್ರಾವಣಕ್ಕೆ ಬೆಳ್ಳಿಯ ನೈಟ್ರೇಟನ್ನು ಹಾಕಿದರೆ ಬಿಡಿಯಾದ ಕ್ಲೋರಿನ್ ಬಿಳಿಯ ಗಸಿಯಾಗಿ ಇಳಿಯುವುದು. ಆರು ಅಮೋನಿಯವುಳ್ಳ ಹಳದಿಯಲ್ಲಿ ಮೂರೂ ಕ್ಲೋರಿನ್‌ಗಳು ಇಳಿಯುವುವು; ಐದುಳ್ಳ ಕೆನ್ನೀಲಿಯಲ್ಲಿ ಎರಡು; ನಾಲ್ಕುಳ್ಳ ಹಸುರಿನಲ್ಲಿ ಒಂದೇ. ಕೋಪನ್‌ಹೇಗನ್ನಿನ ಯೋರ್ಗೆನ್‌ಸೆನ್ ಮಹಾಶಯನು ಅಮೋನಿಯವು ಸರಪಳಿಯಾಗಿ ಹೆಣೆದುಕೊಂಡಿದೆಯೆಂದು ವಾದಿಸಿ ಈ ಎಣಿಕೆಗೆ ಸಮಾಧಾನ ಹೇಳಿದನು. 1893ರಲ್ಲಿ ಜೂರಿಕ್ಕಿನ ಆಲ್ಫ್ರೆಡ್ ವೆರ್ನರ್ ಎಂಬ ಇಪ್ಪತ್ತಾರರ ತರುಣನು ಬೇರೆಯೇ ಹೇಳಿದನು: ಕೋಬಾಲ್ಟಿನ ಸುತ್ತ ಆರು ಸ್ಥಾನಗಳಿವೆ, ಅವುಗಳಲ್ಲಿ ಕುಳಿತ ಕ್ಲೋರಿನ್ ಬಿಗಿಯಾಗಿರುವುದು, ಹೊರಗಿನದು ಬಿಡಿಯಾಗಿರುವುದು.

ಇಂದಿನ ಹೆಸರುಗಳು ಈ ವಿಚಾರವನ್ನೇ ಅನುಸರಿಸಿವೆ. ಪರ್ಪ್ಯೂರಿಯೊ ಲವಣಕ್ಕೆ ಪೆಂಟ ಅಮ್ಮೀನ್ ಕ್ಲೋರಿಡೊ ಕೋಬಾಲ್ಟ್ ಮೂರು ಕ್ಲೋರೈಡ್ ಎಂದು ಹೆಸರು. ಸೂತ್ರವನ್ನು ಬರೆಯೋಣ. ಚೌಕ ಕಂಸದೊಳಗೆ ಮೊದಲು ಕೋಬಾಲ್ಟ್. ‘ಮೂರು’ ಎಂಬುದು ಅದರ ಧನ ಆವೇಶ. ಬಳಿಕ ಒಂದು ಕ್ಲೋರಿನ್. ಅದರ ಋಣ ಆವೇಶ ಒಂದು. ಐದು ಅಮೋನಿಯಗಳಿಗೆ ಆವೇಶವಿಲ್ಲ. ಮೂರರಲ್ಲಿ ಒಂದು ಕಳೆದರೆ ಎರಡು ಧನ ಉಳಿಯುವುದು. ಅದನ್ನು ಸರಿದೂಗಿಸಲು ಕಂಸದ ಹೊರಗೆ ಎರಡು ಕ್ಲೋರಿನ್ ಬೇಕು. ಬೆಳ್ಳಿಯ ನೈಟ್ರೇಟ್ ಇಳಿಸಿದ್ದೂ ಎರಡನ್ನೇ! ಹೊರಗಿನವು ಎಷ್ಟೆಂದು ಹೆಸರು ಹೇಳುವುದಿಲ್ಲ, ಲೆಕ್ಕವೇ ಹೇಳುವುದು.

ಆದರೆ ಸೂತ್ರಕ್ಕೂ ಮಿತಿಯುಂಟು. ನಾಲ್ಕು ಅಮೋನಿಯದ ಲವಣದಲ್ಲಿ ಕಂಸದೊಳಗಿನ ಎರಡು ಕ್ಲೋರಿನ್‌ಗಳು ಎದುರುಬದುರಾಗಿದ್ದರೆ ಹಸುರು. ಪಕ್ಕಪಕ್ಕದಲ್ಲಿದ್ದರೆ ನೇರಳೆಯಾಗಬೇಕೆಂಬುದು ವೆರ್ನರನ ಮತ. ಆ ನೇರಳೆಯ ಲವಣವು ಬಹುಕಾಲ ಯಾರ ಕೈಗೂ ಸಿಕ್ಕಲಿಲ್ಲ. 1907ರಲ್ಲಿ ವೆರ್ನರನು ಅದನ್ನು ತಯಾರಿಸಿದನು. ಯೋರ್ಗೆನ್‌ಸೆನ್ ತನ್ನ ವಿರೋಧವನ್ನು ಬಿಟ್ಟನು. ಇವೆರಡರ ಸೂತ್ರ ಒಂದೇ ಆದುದರಿಂದ ಹೆಸರಿನ ಮುಂದೆ ಟ್ರಾನ್ಸ್, ಸಿಸ್ ಎಂಬ ಗುರುತುಗಳನ್ನು ಸೇರಿಸುವರು.

1913ರಲ್ಲಿ ವೆರ್ನರನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಅವನ ಸಿದ್ಧಾಂತಕ್ಕೆ ಆಧಾರವಾದ ಎಷ್ಟೋ ಲವಣಗಳನ್ನು ಶ್ರದ್ಧೆಯಿಂದ ತಯಾರಿಸಿಟ್ಟವನು ಅವನ ಪ್ರತಿಪಕ್ಷಿಯೇ ಎಂಬುದನ್ನು ನಾವು ಮರೆಯಲಾಗದು.