ರಾಜಿಪತ್ರಕ್ಕೆ ಸಹಿ ಹಾಕುವವರು ಯಾರು?

ಪೌರನೀತಿಯ ಪಾಠದಲ್ಲಿ ಲೋಕ ಅದಾಲತ್ತನ್ನು ನಾನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಅವಸರಕ್ಕೆ ಪ್ರಾಯಶ್ಚಿತ್ತವೆಂಬಂತೆ ಈ ಬರಹ.

ಬಡವರಿಗೂ ನ್ಯಾಯ ದೊರೆಯಬೇಕೆಂಬ 39ಎ ವಿಧಿಯು ಸಂವಿಧಾನಕ್ಕೆ ಸೇರಿದ್ದು 1976ರ ತಿದ್ದುಪಡಿಯಿಂದ. 1982ರ ಮಾರ್ಚ್ 14ರಂದು ಗುಜರಾತಿನ ಜುನಾಗಢ ಜಿಲ್ಲೆಯಲ್ಲಿ ಮೊದಲ ಲೋಕ ಅದಾಲತ್ ನಡೆಯಿತು. ಅದಕ್ಕೆ ಶಾಸನದ ಬಲ ನೀಡಿದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಜಾರಿಗೆ ಬಂದದ್ದು 1995ರಲ್ಲಿ. ಅಲ್ಲಿ ರಾಜಿಯೇ ಸರ್ವಸ್ವ. ಒಬ್ಬರು ಒಪ್ಪದಿದ್ದರೂ ಪ್ರಕರಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಇದು ಸಾಕು. ಎದುರಾಳಿ ಸರ್ಕಾರಿ ಸಂಸ್ಥೆಯಾದರೆ?

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಊರಿನಲ್ಲಿ ನೆರೆಮನೆಯ ವೃದ್ಧೆಗೆ, ನಲ್ಲಿಯಲ್ಲಿ ಹನಿ ನೀರು ಬಾರದಿದ್ದರೂ, ವರ್ಷಗಟ್ಟಲೆ ನೀರಿನ ಬಿಲ್ಲು ಬರುತ್ತಿತ್ತು. ಅರ್ಜಿ ಬರೆದುಕೊಟ್ಟವನು ನಾನೇ. ಅದಾಲತ್ತಿಗೆ ಜೊತೆಯಲ್ಲಿ ಹೋದವನೂ ನಾನೇ. ಬಂದಿದ್ದ ಅಧಿಕಾರಿ ಸಜ್ಜನರು. ಹೊರಗೆ ಜಗುಲಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ತಪ್ಪು ನಮ್ಮದೇ. ಆದರೆ ನಾನು ಬಾಕಿ ಮನ್ನಾ ಮಾಡಿ ಸಹಿ ಹಾಕಿದರೆ, ನಾಳೆ ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡುವವರು ಯಾರು? ಆದೇಶವೊಂದು ಬರಲಿ, ಮರುದಿನವೇ ಪಾಲಿಸುತ್ತೇನೆ” ಎಂದರು. ಆದೇಶ ನೀಡುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ. ನಾವು ಬಸ್ಸು ಹಿಡಿದು ಮನೆಗೆ ಬಂದೆವು.

ಈ ಗಂಟನ್ನು ಬಿಡಿಸಲು ಬಂದದ್ದೇ 2002ರ ತಿದ್ದುಪಡಿ. ಸಾರಿಗೆ, ಅಂಚೆ, ದೂರವಾಣಿ, ವಿದ್ಯುತ್, ನೀರು, ನೈರ್ಮಲ್ಯ, ಆಸ್ಪತ್ರೆ, ವಿಮೆ ಮುಂತಾದ ಸಾರ್ವಜನಿಕ ಉಪಯುಕ್ತ ಸೇವೆಗಳ ದೂರುಗಳಿಗಾಗಿ ಖಾಯಂ ಜನತಾ ನ್ಯಾಯಾಲಯಗಳು ಹುಟ್ಟಿದವು. ಜಿಲ್ಲಾ ನ್ಯಾಯಾಧೀಶರಾಗಿದ್ದವರು ಅಥವಾ ಅವರಿಗಿಂತ ಮೇಲಿನ ಸ್ಥಾನದಲ್ಲಿದ್ದವರು ಅಧ್ಯಕ್ಷರು. ಅಂತಹ ಸೇವೆಗಳ ಅನುಭವವುಳ್ಳ ಇಬ್ಬರು ಸದಸ್ಯರು. ಮೊದಲು ಸಂಧಾನ, ಬಳಿಕ ರಾಜಿಯ ಕರಡು. ಅದೂ ಫಲಿಸದಿದ್ದರೆ ಅವರೇ ತೀರ್ಪು ನೀಡಬಹುದು. ಅದರ ಮೇಲೆ ಮೇಲ್ಮನವಿಯಿಲ್ಲ. ಆರಂಭದಲ್ಲಿ ಹತ್ತು ಲಕ್ಷ ರೂಪಾಯಿಯಿದ್ದ ಮಿತಿ ಈಗ ಒಂದು ಕೋಟಿ.

ಸಂಧಾನಕಾರನೇ ತೀರ್ಪುಗಾರನಾಗಬಹುದೇ ಎಂಬುದು ವಕೀಲ ಸಮುದಾಯದ ಆಕ್ಷೇಪವಾಗಿತ್ತು. ಅದು ಹುರುಳಿಲ್ಲದ ಪ್ರಶ್ನೆಯೇನೂ ಅಲ್ಲ. ಆದರೂ 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಜಗುಲಿಯ ಆ ಮಾತನ್ನು ಕೇಳಿದ್ದ ನನಗೆ ಅದು ಸರಿಯೆಂದೇ ತೋರಿತು.

ಆದರೆ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ನಮ್ಮ ಮಂಗಳೂರಿನ ಖಾಯಂ ಜನತಾ ನ್ಯಾಯಾಲಯಕ್ಕೆ ಸಾಲ ವಸೂಲಿಗಾಗಿ ಹೋದದ್ದು ಪ್ರಜೆಯಲ್ಲ, ಒಂದು ಬ್ಯಾಂಕು. ಸಾಲಗಾರರು ಹಾಜರಾಗಲಿಲ್ಲ, ತೀರ್ಪು ಬ್ಯಾಂಕಿನ ಪರವಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಎದುರುಪಕ್ಷ ಬಾರದಿದ್ದರೂ ರಾಜಿಯ ಕರಡನ್ನು ಸಿದ್ಧಪಡಿಸಿ ಅವರಿಗೆ ಕಳುಹಿಸಿದ ಮೇಲೆಯೇ ತೀರ್ಪಿಗೆ ಕೈಹಾಕಬೇಕೆಂದು ಹೇಳಿತು.