ದುಬಾರಿ ಆಡಿಯೋ ಉಪಕರಣದಲ್ಲಿ ಸಂಗೀತ ನಿಜಕ್ಕೂ ಚೆನ್ನಾಗಿ ಕೇಳಿಸುತ್ತದೆಯೇ?

ಒಂದು ಜೊತೆ ಸ್ಪೀಕರ್ ಹತ್ತು ಸಾವಿರ ರೂಪಾಯಿಗೂ ಸಿಗುತ್ತದೆ, ಹತ್ತು ಲಕ್ಷಕ್ಕೂ ಸಿಗುತ್ತದೆ. ಸ್ಪೀಕರ್‌ಗೆ ಜೋಡಿಸುವ ತಂತಿಗೇ ಲಕ್ಷಗಟ್ಟಲೆ ಬೆಲೆ ಹೇಳುವವರಿದ್ದಾರೆ. ಕೊಂಡವರು "ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆ" ಎನ್ನುತ್ತಾರೆ. ಕೊಳ್ಳದವರು "ಅದೆಲ್ಲ ಬರೀ ಭ್ರಮೆ" ಎಂದು ನಗುತ್ತಾರೆ. ಇಬ್ಬರದೂ ಅರ್ಧ ಸತ್ಯ.

ಚಿಕ್ಕ ಉತ್ತರ ಬೇಕೆಂದರೆ ಹೀಗೆ ಹೇಳಬಹುದು: ಸ್ಪೀಕರ್ ಮತ್ತು ಅದನ್ನು ಇಟ್ಟಿರುವ ಕೋಣೆ ಧ್ವನಿಯನ್ನು ನಿಜವಾಗಿಯೂ ಬದಲಿಸುತ್ತವೆ. ಆಂಪ್ಲಿಫೈಯರ್, ಕೇಬಲ್, ಫೈಲ್‌ನ ಗುಣಮಟ್ಟ ಇವೆಲ್ಲ ಒಂದು ಸಾಧಾರಣ ಮಟ್ಟ ದಾಟಿದ ಮೇಲೆ ಕಿವಿಗೆ ತಿಳಿಯುವಂಥ ಬದಲಾವಣೆ ತರುವುದು ಅಪರೂಪ. ಬೆಲೆಯ ಚೀಟಿ ಮಾತ್ರ ಎರಡರ ಮೇಲೂ ಒಂದೇ ಥರ ಅಂಟಿಕೊಂಡಿರುತ್ತದೆ.

ಪರದೆಯ ಹಿಂದೆ ಇಟ್ಟಾಗ ಏನಾಯಿತು?

ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಧ್ವನಿ ಸಂಶೋಧಕರು. 1994ರಲ್ಲಿ ಇವರು ಹರ್ಮನ್ ಎಂಬ ಆಡಿಯೋ ಕಂಪನಿಯ 40 ಮಂದಿ ಉದ್ಯೋಗಿಗಳಿಗೆ ನಾಲ್ಕು ಸ್ಪೀಕರ್‌ಗಳನ್ನು ಕೇಳಿಸಿ ಅಂಕ ಕೊಡಲು ಹೇಳಿದರು. ಒಮ್ಮೆ ಸ್ಪೀಕರ್ ಕಣ್ಣಿಗೆ ಕಾಣುವಂತೆ, ಇನ್ನೊಮ್ಮೆ ಪರದೆಯ ಹಿಂದೆ.

ಅಂಕಗಳು ಬದಲಾದವು. ಕಣ್ಣಿಗೆ ಕಾಣುತ್ತಿದ್ದಾಗ ದೊಡ್ಡ, ದುಬಾರಿ ಸ್ಪೀಕರ್‌ಗಳು ಹೆಚ್ಚು ಅಂಕ ಪಡೆದವು. ಪುಟ್ಟ, ಅಗ್ಗದ ಸ್ಪೀಕರ್ ಹಿಂದೆ ಬಿತ್ತು. ಪರದೆ ಬಂದ ಮೇಲೆ ಆ ಅಂತರ ಕಡಿಮೆಯಾಯಿತು. ಇನ್ನೂ ಒಂದು ವಿಷಯ ಗಮನಿಸಬೇಕು. ಸ್ಪೀಕರನ್ನು ಕೋಣೆಯಲ್ಲಿ ಬೇರೆ ಜಾಗಕ್ಕೆ ಸರಿಸಿದಾಗ ಧ್ವನಿ ನಿಜವಾಗಿಯೇ ಬದಲಾಗುತ್ತದೆ. ಪರದೆಯಿದ್ದಾಗ ಕೇಳುಗರು ಅದನ್ನು ಗುರುತಿಸಿದರು. ಸ್ಪೀಕರ್ ಕಾಣುತ್ತಿದ್ದಾಗ ಅದರ ಕಡೆ ಅಷ್ಟಾಗಿ ಗಮನ ಹರಿಸಲಿಲ್ಲ. ಅಂದರೆ ಕಣ್ಣು ಇಲ್ಲದ ವ್ಯತ್ಯಾಸವನ್ನು ಸೇರಿಸುವುದಷ್ಟೇ ಅಲ್ಲ, ಇರುವ ವ್ಯತ್ಯಾಸವನ್ನೂ ಮರೆಸಬಲ್ಲದು.

ಹಾಗಾದರೆ ಅವರು ಸುಳ್ಳು ಹೇಳುತ್ತಿದ್ದಾರೆಯೇ?

ಇಲ್ಲ. 2008ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಒಂದೇ ವೈನ್ ಅನ್ನು ಒಮ್ಮೆ 10 ಡಾಲರಿನದು ಎಂದೂ ಇನ್ನೊಮ್ಮೆ 90 ಡಾಲರಿನದು ಎಂದೂ ಹೇಳಿ ಕುಡಿಸಲಾಯಿತು. ಜನ 90 ಡಾಲರಿನದೇ ಚೆನ್ನಾಗಿದೆ ಎಂದರು. ಅದೇ ಹೊತ್ತಿಗೆ ತೆಗೆದ ಮೆದುಳಿನ ಸ್ಕ್ಯಾನ್‌ನಲ್ಲಿ ಹಿತಾನುಭವಕ್ಕೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾಗಿದ್ದು ಕಂಡುಬಂತು. ನಿರೀಕ್ಷೆ ಅನುಭವವನ್ನೇ ಬದಲಿಸುತ್ತದೆ. ದುಬಾರಿ ಉಪಕರಣ ಕೊಂಡವರಿಗೆ ಸಿಗುವ ಸಂತೋಷ ನಿಜವಾದದ್ದೇ. ಆದರೆ ಅದು ಬಂದದ್ದು ಉಪಕರಣದಿಂದಲೇ ಎಂದು ಹೇಳಲಾಗದು.

ಇದರ ಜೊತೆಗೆ ವಾಲ್ಯೂಮ್ ಕೂಡ ನಮ್ಮನ್ನು ಮೋಸ ಮಾಡುತ್ತದೆ. ಎರಡು ಉಪಕರಣಗಳಲ್ಲಿ ಒಂದರ ಧ್ವನಿ ಸ್ವಲ್ಪವೇ ಜೋರಾಗಿದ್ದರೂ ನಮಗೆ ಅದು "ಜೋರು" ಅನ್ನಿಸುವುದಿಲ್ಲ, "ಸ್ಪಷ್ಟ", "ತುಂಬಿದ ಧ್ವನಿ" ಅನ್ನಿಸುತ್ತದೆ. ಹಾಗಾಗಿ ವಾಲ್ಯೂಮ್ ಸಮ ಮಾಡದೆ ನಡೆಸಿದ ಹೋಲಿಕೆಗೆ ಬೆಲೆಯಿಲ್ಲ.

ಸ್ಪೀಕರ್‌ಗೆ ಕೊಟ್ಟ ಹಣ

ವಿದ್ಯುತ್ ಸಂಕೇತವನ್ನು ಗಾಳಿಯ ಕಂಪನವಾಗಿ ಬದಲಿಸುವುದು ಸುಲಭದ ಕೆಲಸವಲ್ಲ. ಅದರಲ್ಲೂ ಕೆಳ ಸ್ವರಗಳು ಕಷ್ಟ. 80 ಹರ್ಟ್ಸ್ ಸ್ವರ ಕೇಳಿಸುವಷ್ಟೇ ಜೋರಾಗಿ 40 ಹರ್ಟ್ಸ್ ಸ್ವರವೂ ಕೇಳಿಸಬೇಕಾದರೆ ಸ್ಪೀಕರ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. ತೆಳ್ಳಗಿನ ಟಿವಿಯ ಒಳಗಿರುವ ಪುಟ್ಟ ಸ್ಪೀಕರಿಂದ ಇದು ಆಗದು. ಮೃದಂಗದ ಎಡಭಾಗದ ನಾದ ಅಲ್ಲಿ ಬರೀ ತಟ್ಟಿದ ಸದ್ದಾಗಿ ಉಳಿಯುವುದು ಇದೇ ಕಾರಣಕ್ಕೆ. ಇಂಥ ಕಡೆ ಹೆಚ್ಚು ಹಣ ಕೊಟ್ಟರೆ ಖಂಡಿತ ಹೆಚ್ಚು ಕೇಳಿಸುತ್ತದೆ.

ಆದರೆ ಈ ಲಾಭ ಬೆಲೆಯ ಜೊತೆಗೇ ಏರುತ್ತಾ ಹೋಗುವುದಿಲ್ಲ. ಹೆಡ್‌ಫೋನ್‌ಗಳ ಉದಾಹರಣೆ ನೋಡಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 283 ಹೆಡ್‌ಫೋನ್‌ಗಳು ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತವೆ ಎಂಬ ಅಳತೆಗಳನ್ನು ಪರಿಶೀಲಿಸಿತು. ಆ ಅಳತೆಗೂ ಮಾರಾಟದ ಬೆಲೆಗೂ ಸಂಬಂಧವೇ ಸಿಗಲಿಲ್ಲ. ಹೆಚ್ಚಿನ ಹಣ ಚರ್ಮದ ಹೊದಿಕೆ, ಬಾಳಿಕೆ, ವಿನ್ಯಾಸ, ಹೆಸರು ಇವುಗಳಿಗೂ ಹೋಗುತ್ತದೆ. ಅವು ಬೇಡ ಎಂದಲ್ಲ. ಅವು ಕಿವಿಗೆ ಕೇಳುವಂಥವಲ್ಲ, ಅಷ್ಟೇ.

ಆಂಪ್ಲಿಫೈಯರ್ ಮತ್ತು ಕೇಬಲ್

1987ರಲ್ಲಿ ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಸುಮಾರು 220 ಡಾಲರಿನಿಂದ 12,000 ಡಾಲರಿನವರೆಗಿನ ಆಂಪ್ಲಿಫೈಯರ್‌ಗಳನ್ನು 25 ಕೇಳುಗರ ಮುಂದಿಟ್ಟು ಹೆಸರು ಮುಚ್ಚಿ ಪರೀಕ್ಷಿಸಿತು. ವ್ಯತ್ಯಾಸ ಕೇಳಿಸುತ್ತದೆ ಎಂದು ನಂಬಿದವರೂ ಅವರಲ್ಲಿದ್ದರು. ಒಟ್ಟಾರೆ ಸರಿಯುತ್ತರಗಳು ನಾಣ್ಯ ಚಿಮ್ಮಿದರೆ ಸಿಗುವಷ್ಟೇ, ಅಂದರೆ ಸುಮಾರು ಅರ್ಧ. ಆಂಪ್ಲಿಫೈಯರ್‌ಗೆ ನಿಮ್ಮ ಸ್ಪೀಕರನ್ನು ನಡೆಸುವಷ್ಟು ಶಕ್ತಿ ಇರಬೇಕು, ಶಕ್ತಿ ಸಾಲದಿದ್ದರೆ ಧ್ವನಿ ಒಡೆಯುತ್ತದೆ. ಕವಾಟದ ಆಂಪ್ಲಿಫೈಯರ್‌ಗಳಂಥ ಕೆಲವು ಧ್ವನಿಗೆ ತಮ್ಮದೇ ಬಣ್ಣ ಹಚ್ಚುವುದೂ ಉಂಟು. ಇವೆರಡನ್ನು ಬಿಟ್ಟರೆ ಹೆಚ್ಚಿನ ಬೆಲೆಗೆ ಕಾರಣ ಸಿಗುವುದು ಕಷ್ಟ.

ಕೇಬಲ್ ವಿಷಯವನ್ನು ನಾವೇ ಲೆಕ್ಕ ಹಾಕಬಹುದು. ಮನೆಯ ವೈರಿಂಗ್‌ಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 5 ಮೀಟರ್ ದೂರದ ಸ್ಪೀಕರ್‌ಗೆ ಎಳೆದಿದ್ದೀರಿ ಎಂದುಕೊಳ್ಳಿ. ಹೋಗಿ ಬರುವ ದಾರಿ ಸೇರಿ 10 ಮೀಟರ್. ಅದರ ರೋಧ ಸುಮಾರು 0.07 ಓಮ್. ಸ್ಪೀಕರಿನದು 8 ಓಮ್ ಆಗಿದ್ದರೆ ತಂತಿಯ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಲಕ್ಷ ರೂಪಾಯಿಯ ಕೇಬಲ್ ಸುಧಾರಿಸಬೇಕಾದ ನಷ್ಟ ಇಷ್ಟೇ. ಇನ್ನು ಎಚ್‌ಡಿಎಂಐಯಂಥ ಡಿಜಿಟಲ್ ಕೇಬಲ್‌ನಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ಅವು ಸರಿಯಾಗಿ ತಲುಪಿದರೆ ಕೆಲಸ ಮುಗಿಯಿತು. ತಲುಪದಿದ್ದರೆ ಧ್ವನಿ ಕಡಿದು ಹೋಗುತ್ತದೆ. "ಸ್ವಲ್ಪ ಮಂಕಾಗಿ" ತಲುಪುವುದು ಎಂಬುದಿಲ್ಲ.

ಹೈ ರೆಸಲ್ಯೂಷನ್ ಬೇಕೇ?

ಸಿಡಿಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದು ದಾಖಲಿಸಿರುತ್ತಾರೆ. ಇದರಿಂದ ಸುಮಾರು 22,000 ಹರ್ಟ್ಸ್‌ವರೆಗಿನ ಸ್ವರಗಳನ್ನು ಹಿಡಿದಿಡಬಹುದು. ಎಳೆಯ, ಆರೋಗ್ಯವಂತ ಕಿವಿಯ ಮಿತಿ 20,000 ಹರ್ಟ್ಸ್; ವಯಸ್ಸಾದಂತೆ ಅದು ಇನ್ನೂ ಇಳಿಯುತ್ತದೆ. 2007ರಲ್ಲಿ ಮೇಯರ್ ಮತ್ತು ಮೋರನ್ ಹೈ ರೆಸಲ್ಯೂಷನ್ ಧ್ವನಿಯನ್ನೂ ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ಮತ್ತೆ ಅರ್ಧ.

ಇದಕ್ಕೆ ಇನ್ನೊಂದು ಮುಖವೂ ಇದೆ. 2016ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3ರಷ್ಟಿತ್ತು. ತರಬೇತಿ ಪಡೆದವರು ಇದಕ್ಕಿಂತ ಚೆನ್ನಾಗಿ ಗುರುತಿಸಿದರು. ಹಾಗಾಗಿ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಲಾಗದು. ಇದ್ದರೂ ಅದು ಬಹಳ ಸಣ್ಣದು.

2022ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿ ತಟ್ಟೆಗಳು ಡಿಜಿಟಲ್ ಸೋಂಕಿಲ್ಲದವು ಎಂದೇ ಅನೇಕ ರಸಿಕರು ನಂಬಿ ಕೊಳ್ಳುತ್ತಿದ್ದರು. ಆದರೆ ಅವುಗಳಲ್ಲಿ ಹಲವನ್ನು ವರ್ಷಗಳಿಂದ ಡಿಜಿಟಲ್ ಪ್ರತಿಯಿಂದಲೇ ತಯಾರಿಸಲಾಗುತ್ತಿತ್ತು. ಯಾರಾದರೂ ಹೇಳುವವರೆಗೆ ಕಿವಿಗಳು ಅದನ್ನು ಪತ್ತೆ ಮಾಡಿರಲಿಲ್ಲ.

ಕೋಣೆಯನ್ನು ಮರೆಯಬೇಡಿ

ನಮ್ಮ ಮನೆಗಳಲ್ಲಿ ಸಿಮೆಂಟಿನ ಗೋಡೆ, ಟೈಲ್ಸ್ ಅಥವಾ ಗ್ರಾನೈಟ್ ನೆಲ ಸಾಮಾನ್ಯ. ಇವು ಧ್ವನಿಯನ್ನು ಹೀರದೆ ಹಿಂದಿರುಗಿಸುತ್ತವೆ. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್ ಸ್ವರ ಗೋಡೆಗಳ ನಡುವೆ ಅನುರಣಿಸಿ ಒಂದು ಕಡೆ ಗುಡುಗಿದಂತೆಯೂ ಇನ್ನೊಂದು ಕಡೆ ಮಾಯವಾದಂತೆಯೂ ಕೇಳಿಸುತ್ತದೆ. ಎಷ್ಟು ದುಬಾರಿ ಸ್ಪೀಕರ್ ತಂದರೂ ಇದು ತಪ್ಪದು. ಸ್ಪೀಕರನ್ನು ಮೂಲೆಯಿಂದ ಈಚೆ ತರುವುದು, ಕೂರುವ ಜಾಗ ಬದಲಿಸುವುದು ಇದಕ್ಕೆ ಮೊದಲ ಮದ್ದು. ದಪ್ಪ ಜಮಖಾನೆ, ಪರದೆ, ಪುಸ್ತಕದ ಕಪಾಟು ಮೇಲು ಸ್ವರಗಳ ಗಲಗಲವನ್ನು ತಗ್ಗಿಸುತ್ತವೆ. ಖರ್ಚು ಕಡಿಮೆ, ಫಲ ಹೆಚ್ಚು.

ನೀವೇ ಪರೀಕ್ಷಿಸಿ ನೋಡಿ

ಕೊಳ್ಳುವ ಮೊದಲು ಮನೆಯವರ ಅಥವಾ ಸ್ನೇಹಿತರ ನೆರವು ಪಡೆಯಿರಿ. ಎರಡೂ ಉಪಕರಣಗಳ ವಾಲ್ಯೂಮ್ ಸಮ ಮಾಡಿ. ನಿಮಗೆ ಕಾಣದಂತೆ ಅವರು ನಾಣ್ಯ ಚಿಮ್ಮಿ, ಬಂದ ಮುಖದಂತೆ ಒಂದನ್ನು ಆರಿಸಿ, ಒಂದೇ ಹಾಡನ್ನು ಹತ್ತು ಸಲ ನುಡಿಸಲಿ. ಯಾವುದು ಎಂದು ಪ್ರತಿ ಸಲ ಬರೆದಿಡಿ. ಐದಾರು ಸರಿಯಾದರೆ ಅದು ಊಹೆ. ಒಂಬತ್ತು ಅಥವಾ ಹತ್ತು ಸರಿಯಾದರೆ ಬರೀ ಊಹೆಯಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ಒಂದು ಮಾತ್ರ. ನಿಮ್ಮ ಕಿವಿ ಏನೋ ಹಿಡಿದಿದೆ ಎಂದರ್ಥ. ಆ ವ್ಯತ್ಯಾಸಕ್ಕೆ ಅಷ್ಟು ಬೆಲೆ ಕೊಡಬೇಕೇ ಎಂಬುದು ಆಮೇಲೆ ನಿಮಗೆ ಬಿಟ್ಟದ್ದು.

ಒಟ್ಟಿನಲ್ಲಿ, ಕೈಯಲ್ಲಿರುವ ಹಣದ ಹೆಚ್ಚಿನ ಪಾಲು ಸ್ಪೀಕರ್‌ಗೆ ಹೋಗಲಿ. ಸ್ವಲ್ಪ ಕೋಣೆಗೆ ಇರಲಿ. ಸಾಕಷ್ಟು ಶಕ್ತಿಯ ಸಾಧಾರಣ ಆಂಪ್ಲಿಫೈಯರ್ ಮತ್ತು ಮಾಮೂಲಿ ತಾಮ್ರದ ತಂತಿ ಸಾಕು. ಉಳಿದ ಹಣವನ್ನು ಕಚೇರಿಯ ಟಿಕೆಟ್‌ಗೆ ಅಲ್ಲ, ಸಂಗೀತ ಕಚೇರಿಯ ಟಿಕೆಟ್‌ಗೆ ಕೊಟ್ಟರೆ, ಸ್ಪೀಕರ್ ಹೇಗೆ ಕೇಳಿಸಬೇಕು ಎಂಬುದಕ್ಕೆ ಸರಿಯಾದ ಅಳತೆಗೋಲೂ ಸಿಗುತ್ತದೆ.