ಮೊದಲ ಹೆಪ್ಪು ಎಲ್ಲಿಯದು?

ಮೊರಪ್ಪೂರು ಸೀಮೆಯ ಕೇಳುಗರೇ, ಸೇಲಂ ಬಳಿಯ ಕಂಜಮಲೆಯ ಹೆಸರು ನಿಮಗೆ ಹೊಸದಲ್ಲ. ಆ ಬೆಟ್ಟದ ಅದಿರನ್ನು ಪುಡಿಮಾಡಿ ಅಯಸ್ಕಾಂತ ಹಿಡಿದರೆ ಪುಡಿ ಮೇಲೆದ್ದು ಅಂಟಿಕೊಳ್ಳುತ್ತದೆ. ಕಾಂತವೆಂದರೆ ಕಲ್ಲು, ಕಬ್ಬಿಣ ಎಂದೇ ನಮ್ಮ ಎಣಿಕೆ. ಆದರೆ ನಕ್ಷತ್ರಗಳ ನಡುವಿನ ಬಟ್ಟಬಯಲಿನಲ್ಲೂ ಕಾಂತಕ್ಷೇತ್ರವಿದೆ. ಅದು ಅಲ್ಲಿಗೆ ಬಂದದ್ದು ಹೇಗೆ?

ಸೂರ್ಯನ ಕಲೆಗಳಲ್ಲಿ ಕಾಂತಕ್ಷೇತ್ರವಿದೆಯೆಂದು ಅಮೆರಿಕದ ಹೇಲ್ 1908ರಲ್ಲಿ ತೋರಿಸಿದ್ದರು. ನಕ್ಷತ್ರಗಳ ನಡುವಿನ ಬಯಲಿನ ಕಾಂತಕ್ಷೇತ್ರದ ಸುಳಿವು ಸಿಕ್ಕಿದ್ದು 1949ರಲ್ಲಿ. ದೂರದ ತಾರೆಗಳ ಬೆಳಕು ಒಂದು ದಿಕ್ಕಿಗೇ ಹೆಚ್ಚು ವಾಲಿ ಕಂಪಿಸುವುದನ್ನು ಹಿಲ್ಟ್‌ನರ್ ಮತ್ತು ಹಾಲ್ ಕಂಡರು. ದಾರಿಯ ಧೂಳಿನ ಕಣಗಳನ್ನು ಕಾಂತಕ್ಷೇತ್ರ ಸಾಲಾಗಿ ನಿಲ್ಲಿಸಿತ್ತು. ಮದರಾಸಿನಲ್ಲಿ ಓದಿ ಷಿಕಾಗೋ ಸೇರಿದ್ದ ನಮ್ಮ ಚಂದ್ರಶೇಖರ್ ಅವರು ಫರ್ಮಿಯವರೊಡನೆ 1953ರಲ್ಲಿ ಅದರ ಬಲವನ್ನು ಲೆಕ್ಕಹಾಕಿದರು: ಒಂದು ಗಾಸಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 7 ಪಾಲು. ನಿಮ್ಮೂರಲ್ಲಿ ಭೂಮಿಯ ಕಾಂತಬಲ ಸುಮಾರು 0.4 ಗಾಸ್. ಅದರ ಮುಂದೆ ಇದು ಏನೇನೂ ಅಲ್ಲ. ಆದರೆ ಹರಡಿರುವುದು ಇಡೀ ಆಕಾಶಗಂಗೆಯ ತುಂಬ.

ಈಗ ಅಡುಗೆಮನೆಗೆ ಬನ್ನಿ. ತಮಿಳಿನಲ್ಲಿ ಉರೈ ಎನ್ನುವುದನ್ನು ನಾವು ಹೆಪ್ಪು ಎನ್ನುತ್ತೇವೆ. ಒಂದು ಚಮಚ ಹೆಪ್ಪು ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುತ್ತದೆ. ಆಕಾಶಗಂಗೆಯೂ ಹಾಗೆಯೇ. ಸುತ್ತುವ, ಕುದಿಯುವ ಅನಿಲ ಅತ್ಯಲ್ಪ ಕಾಂತವನ್ನೂ ಹಿಗ್ಗಿಸಿ, ತಿರುಚಿ ಬೆಳೆಸುತ್ತದೆ. ಇದಕ್ಕೆ ಡೈನಮೊ ಎಂದು ಹೆಸರು. ಸೈಕಲ್ಲಿನ ಡೈನಮೊ ನೆನೆಯಿರಿ, ಸುತ್ತಾಟದಿಂದ ವಿದ್ಯುತ್ತು. ಆದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಹೆಪ್ಪು ಬೇಕೇ ಬೇಕು.

ಜರ್ಮನಿಯ ಬಿಯರ್‌ಮನ್ 1950ರಲ್ಲಿ ಒಂದು ದಾರಿ ತೋರಿಸಿದರು. ಅನಿಲದ ಬಿಸಿ ಒಂದು ದಿಕ್ಕಿಗೆ, ದಟ್ಟಣೆ ಇನ್ನೊಂದು ದಿಕ್ಕಿಗೆ ಏರಿದಲ್ಲಿ ಹಗುರವಾದ ಎಲೆಕ್ಟ್ರಾನುಗಳು ಭಾರದ ಕಣಗಳಿಗಿಂತ ಬೇಗ ಸರಿಯುತ್ತವೆ. ವಿದ್ಯುತ್ತು ಹರಿಯುತ್ತದೆ, ಜೊತೆಗೆ ಕಾಂತ ಹುಟ್ಟುತ್ತದೆ. ಬ್ಯಾಟರಿಯಿಲ್ಲದ ಬ್ಯಾಟರಿ! 1994ರಲ್ಲಿ ಭಾರತದ ಸುಬ್ರಮಣಿಯನ್, ನರಸಿಂಹ ಮತ್ತು ಚಿಟ್ರೆ ಇದನ್ನು ವಿಶ್ವದ ಬಾಲ್ಯಕ್ಕೆ ಅನ್ವಯಿಸಿದರು. ಮೊದಮೊದಲ ಬೆಳಕಿನ ಮೂಲಗಳು ಸುತ್ತಲಿನ ಅನಿಲವನ್ನು ಸುಡುತ್ತ ಹೋದ ಅಂಚಿನಲ್ಲಿ ಇಂಥ ಹೆಪ್ಪು ತಾನಾಗಿ ಹುಟ್ಟೀತು ಎಂದರು. ನನಗೆ ಬಹಳ ಹಿಡಿಸಿದ ವಾದವಿದು. ಹೊರಗಿನಿಂದ ಯಾರೂ ಏನನ್ನೂ ತಂದು ಹಾಕಬೇಕಿಲ್ಲ.

ಅಷ್ಟರಲ್ಲಿ ತಕರಾರೊಂದು ಬಂತು. ನೆರೊನೊವ್ ಮತ್ತು ವೋವ್ಕ್ 2010ರಲ್ಲಿ ದೂರದಿಂದ ಬರುವ ಗಾಮಾ ಕಿರಣಗಳನ್ನು ಪರಿಶೀಲಿಸಿದರು. ಜೊತೆಗೆ ಬರಬೇಕಿದ್ದ ಮಂದ ಕಿರಣಗಳು ಕಾಣಲಿಲ್ಲ. ಗೆಲಾಕ್ಸಿಗಳೇ ಇಲ್ಲದ ಪಾಳು ಬಯಲಿನಲ್ಲೂ ಕ್ಷೀಣ ಕಾಂತವಿದ್ದು, ಅದೇ ದಾರಿ ತಪ್ಪಿಸಿತೆಂದು ಅವರ ವಾದ. ಕೊರತೆಗೆ ಬೇರೆ ಕಾರಣ ಹೇಳುವವರೂ ಇದ್ದಾರೆ. ಅವರಿಬ್ಬರ ಮಾತೇ ನಿಜವಾದರೆ, ಹೆಪ್ಪು ನಕ್ಷತ್ರಗಳಿಗಿಂತ ಹಳೆಯದಿರಬಹುದು. ಹಾಲು ಕರೆಯುವ ಮೊದಲೇ ಯಾರೋ ಪಾತ್ರೆಗೆ ಹೆಪ್ಪು ಸವರಿಟ್ಟಿದ್ದಂತೆ.